ಮಾರೆಮ್ಮನ ನೆಲ್ಲು

ಮಾನ್ವಿ ಕಡೆಯ ಗದ್ದೆಗಳಲ್ಲಿ ಒಂದು ಕಳೆ ಎದ್ದಿದೆ. ನೋಡಿದರೆ ಭತ್ತವೇ. ಸಸಿಯಾಗಿದ್ದಾಗ ಬಿತ್ತಿದವನಿಗೂ ಗುರುತು ಸಿಗುವುದಿಲ್ಲ. ತೆನೆ ಬಂದ ಮೇಲೆ ಅದರ ಬುದ್ಧಿ ಗೊತ್ತಾಗುತ್ತದೆ. ಕಾಳಿಗೆ ಉದ್ದ ಮೀಸೆ, ಸಿಪ್ಪೆ ಕಪ್ಪು, ಒಳಗಿನ ಅಕ್ಕಿ ಕೆಂಪು. ಬಿತ್ತಿದ ಪೈರು ಕೊಯ್ಲಿಗೆ ಬರುವ ಮೊದಲೇ ಅದು ಹಣ್ಣಾಗಿ ಕಾಳನ್ನೆಲ್ಲ ನೆಲಕ್ಕೆ ಉದುರಿಸಿಬಿಡುತ್ತದೆ. ಮುಂದಿನ ವರ್ಷ ಅದನ್ನು ಯಾರೂ ಬಿತ್ತಬೇಕಾಗಿಲ್ಲ. ನಮ್ಮ ಕಡೆ ಭತ್ತಕ್ಕೆ ನೆಲ್ಲು ಅನ್ನುತ್ತೇವೆ, ಹಾಗಾಗಿ ಮೊದಮೊದಲು ಜನ ಇದನ್ನು ಹುಚ್ಚುನೆಲ್ಲು ಅಂದರು. ಈಗ ಕಾಲುವೆಯ ಆಸುಪಾಸಿನ ಹಳ್ಳಿಗಳಲ್ಲಿ ಮಾರೆಮ್ಮನ ನೆಲ್ಲು ಅನ್ನುತ್ತಾರೆ.

ಮಾರೆಮ್ಮ ನನ್ನ ಸೋದರತ್ತೆ. ನಮ್ಮಪ್ಪನ ಅಕ್ಕ. ಆ ಹೆಸರನ್ನು ಕಳೆಯ ಜೊತೆ ಸೇರಿಸಿ ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆಕೆ ಸತ್ತು ಹೋದವಳಲ್ಲ. ದೇವದುರ್ಗ ತಾಲೂಕಿನ ಗುಡ್ಡದ ಬದಿಯ ನಮ್ಮೂರಿನಲ್ಲಿ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತು, ಎಲೆ ಅಡಿಕೆ ಜಗಿಯುತ್ತ, ಹೋಗಿ ಬರುವವರನ್ನೆಲ್ಲ ಬೈಯುತ್ತ ಇದ್ದಾಳೆ. ಬದುಕಿರುವ ಹೆಂಗಸಿನ ಹೆಸರನ್ನು ಕಸಕ್ಕೆ ಇಟ್ಟವರು ಎಂಥ ಜನ ಅನ್ನುವುದನ್ನು ಯಾರಾದರೂ ಬರೆದಿಡಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನೇತ್ರಾವತಿ. ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಲಾರಿಗಳ ತೂಕ ಬರೆಯುವ ಕೆಲಸ ನನ್ನದು.

ಅತ್ತೆಯನ್ನು ನಾನು ದೇವತೆ ಮಾಡುವುದಿಲ್ಲ. ಆಕೆಯ ಬಾಯಿ ಕೆಟ್ಟದ್ದು. ನನ್ನ ಮದುವೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ, ಹುಡುಗನ ಕಾಲು ತೆಳ್ಳಗಿವೆ, ಇವನು ಗುಡ್ಡ ಹತ್ತುವುದಿಲ್ಲ ಅಂದುಬಿಟ್ಟವಳು. ನನ್ನ ಗಂಡ ರಾಯಚೂರಿನಲ್ಲಿ ಆಟೋ ಓಡಿಸುತ್ತಾನೆ. ಅವನಿಗೆ ಗುಡ್ಡ ಹತ್ತುವ ಪ್ರಸಂಗ ಇವತ್ತಿನವರೆಗೆ ಬಂದಿಲ್ಲ, ಆದರೂ ಆ ಮಾತು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಕೂತಿದೆ. ಮನುಷ್ಯರನ್ನೂ ಕುರಿಗಳನ್ನೂ ಒಂದೇ ಕಣ್ಣಿನಿಂದ ನೋಡುವವಳು ಅವಳು. ಕಾಲು ನೋಡು, ಹಲ್ಲು ನೋಡು, ಆಮೇಲೆ ಮಾತು ನೋಡು.

ಅವಳ ಗಂಡ ಸಿದ್ದರಾಮಪ್ಪ ಮಾವ ಜ್ವರ ಬಂದು ತೀರಿಕೊಂಡಾಗ ಅವರ ಮಗ ದುರುಗೇಶ ಇನ್ನೂ ಸಣ್ಣವನು. ಕುರಿ ಮಾರಿಬಿಡು, ಹೆಂಗಸು ಹಿಂಡು ನಡೆಸಿದ್ದನ್ನು ಯಾರು ಕಂಡಿದ್ದಾರೆ ಎಂದು ಹಿರಿಯರು ಬುದ್ಧಿ ಹೇಳಿದರು. ಅತ್ತೆ ಗಂಡನ ಕಂಬಳಿ ಹೊದ್ದು, ಅವನ ಕೋಲು ಹಿಡಿದು ಹೊರಟೇಬಿಟ್ಟಳು. ಕೋಲು ಹಿಡಿದವರು ಸೀರೆ ಉಟ್ಟಿದ್ದಾರೋ ಧೋತರ ಉಟ್ಟಿದ್ದಾರೋ ಕುರಿಗೇನು ಗೊತ್ತು ಅಂದಳಂತೆ. ಆ ಮೇಲೆ ಯಾರೂ ಬುದ್ಧಿ ಹೇಳುವ ಉಸಾಬರಿಗೆ ಹೋಗಲಿಲ್ಲ.

ಅವಳ ಹಿಂಡು ಕೆಂಗುರಿಗಳದ್ದು. ನಮ್ಮ ಸೀಮೆಯ ತಳಿ ಅದು, ಕೆಂಪು ಮೈ, ಎತ್ತರದ ಕಾಲು. ಮೈಮೇಲೆ ಉಣ್ಣೆ ಇರುವುದಿಲ್ಲ, ಆಕಳ ಹಾಗೆ ನುಣ್ಣನೆಯ ಕೂದಲು ಅಷ್ಟೇ. ಅವುಗಳ ನಡುವೆ ನಾಲ್ಕಾರು ಕರಿ ಕುರಿಗಳು ಇರುತ್ತಿದ್ದವು. ಅವಕ್ಕೆ ಒರಟು ಉಣ್ಣೆ. ಬೀರಪ್ಪ ದೇವರಿಗೆ ಹಾಸುವ ಕಂಬಳಿ ನಮ್ಮ ಮನೆತನದಿಂದಲೇ ಹೋಗಬೇಕು, ಕೊಂಡು ತಂದ ಉಣ್ಣೆ ಅದಕ್ಕೆ ನಡೆಯುವುದಿಲ್ಲ. ಹಾಗಾಗಿ ಎಷ್ಟೇ ಕೆಂಗುರಿ ಇದ್ದರೂ ಈ ನಾಲ್ಕಾರು ಕರಿ ಕುರಿಗಳನ್ನು ಬಿಡುವಂತಿರಲಿಲ್ಲ. ಇದನ್ನು ಈಗಲೇ ಹೇಳಿಡುತ್ತೇನೆ. ಅವಳು ಕೆಟ್ಟದ್ದು ಈ ಕರಿ ಕುರಿಗಳಿಂದ. ಅಲ್ಲ, ಅವುಗಳಿಂದ ಅಲ್ಲ, ತನ್ನ ಬಾಯಿಯಿಂದಲೇ.

ಮಳೆಗಾಲವೆಲ್ಲ ಹಿಂಡು ದೇವದುರ್ಗದ ಗುಡ್ಡದಲ್ಲಿ ಮೇಯುತ್ತಿತ್ತು. ಮಾನ್ವಿ ಕಡೆ ಭತ್ತದ ಸುಗ್ಗಿ ಮುಗಿಯುತ್ತಲೇ ತಾಯಿ ಮಗ ಹಿಂಡು ಹೊಡೆದುಕೊಂಡು, ಕವಿತಾಳದ ಮೇಲೆ ಹಾದು, ಕಾಲುವೆಯ ಕೆಳಗಿನ ಗದ್ದೆಗಳಿಗೆ ಇಳಿಯುತ್ತಿದ್ದರು. ಗುಡ್ಡ ಒಣಗುವ ಕಾಲಕ್ಕೆ ಅಲ್ಲಿ ಕೊಯ್ದು ಉಳಿದ ಕೂಳೆ, ಹಸಿ ಬದು, ಕಾಲುವೆ ನೀರು ಎಲ್ಲ ಇರುತ್ತಿತ್ತು. ಕೊಯ್ದ ಗದ್ದೆಯಲ್ಲಿ ರಾತ್ರಿ ಹಿಂಡನ್ನು ತರುಬಿ ನಿಲ್ಲಿಸಿದರೆ ಹಿಕ್ಕೆ ಗಂಜಲ ಬಿದ್ದು ನೆಲಕ್ಕೆ ಗೊಬ್ಬರ. ಗದ್ದೆಯವರು ಅದಕ್ಕೆ ಕಾಳು ಕೊಡುತ್ತಿದ್ದರು. ಆ ಕೂಳೆ ಸಿಕ್ಕರೆ ಬೇಸಿಗೆ ದಾಟಿದ ಹಾಗೆ, ಸಿಗದಿದ್ದರೆ ಹಿಂಡು ಇಲ್ಲ. ಅತ್ತೆಯ ಬದುಕಿನ ಲೆಕ್ಕ ಇಷ್ಟೇ ಇತ್ತು.

ಅಲ್ಲಿ ಅವರು ತಂಗುತ್ತಿದ್ದ ಊರಿನ ದೊಡ್ಡ ಗದ್ದೆ ಹನುಮಂತರಾಯರದು. ಅವರ ತಾಯಿ ಇದ್ದಾಗ ಅತ್ತೆ ಬಂದ ದಿನ ಆರತಿಯೊಂದು ಎತ್ತುತ್ತಿರಲಿಲ್ಲ ಅಷ್ಟೇ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಹನುಮಂತರಾಯರೂ ಯವ್ವಾ ಎಂದೇ ಕರೆಯುತ್ತಿದ್ದರು. ಮಾರೆಮ್ಮನ ಕುರಿ ತರುಬಿದ ಗದ್ದೆಗೆ ಅಂಗಡಿಯ ಸರ್ಕಾರಿ ಗೊಬ್ಬರ ಬೇಡ ಎಂದು ಅವರೇ ನಾಲ್ಕು ಜನರ ಮುಂದೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಆಮೇಲೆ ನಾಟಿ ಹೋಗಿ ಕೂರಿಗೆ ಬಿತ್ತನೆ ಬಂತು, ಆಳುಗಳ ಕೊಯ್ಲು ಹೋಗಿ ಮಷೀನು ಬಂತು. ಮಷೀನು ತರಿಸುವವನು ರಾಮಣ್ಣ ಎಂಬ ದಲಾಲಿ. ಹೊಳೆಯ ಆಚೆ, ಬೇರೆ ರಾಜ್ಯದಲ್ಲಿ ಸುಗ್ಗಿ ಮುಗಿಸಿದ ಮಷೀನುಗಳನ್ನು ನೇರ ಮಾನ್ವಿಗೆ ಇಳಿಸುತ್ತಿದ್ದ. ಮಷೀನು ಬಂದ ಎರಡನೆಯ ವರ್ಷಕ್ಕೋ ಏನೋ ಹನುಮಂತರಾಯರ ಗದ್ದೆಯಲ್ಲಿ ಮೀಸೆಯ ಕರಿ ತೆನೆಗಳು ಕಂಡವು. ಅದರ ಮುಂದಿನ ವರ್ಷ ಸುತ್ತಲಿನ ಗದ್ದೆಗಳಲ್ಲೂ ಕಂಡವು. ಅಕ್ಕಿಯಲ್ಲಿ ಕೆಂಪು ಕಾಳು ಬಂತೆಂದು ಮಿಲ್ಲಿನವರು ಮಾಲು ಹಿಂದಕ್ಕೆ ಕಳಿಸತೊಡಗಿದರು. ಊರಿಗೆ ಈಗ ಒಬ್ಬ ಕಳ್ಳ ಬೇಕಾದ.

ಕಳ್ಳನನ್ನು ಹುಡುಕಿ ಕೊಟ್ಟವನು ಇದೇ ರಾಮಣ್ಣ. ದೇವದುರ್ಗದ ಕೆರೆಗಳ ದಂಡೆಯಲ್ಲಿ ಕಾಡುನೆಲ್ಲು ತಾನಾಗಿ ಬೆಳೆಯುತ್ತದೆ, ಅದಕ್ಕೂ ಮೀಸೆ ಇರುತ್ತದೆ, ಮಾರೆಮ್ಮನ ಕುರಿಗಳು ಅದನ್ನೇ ಮೇಯ್ದು ಇಲ್ಲಿ ಬಂದು ಹಿಕ್ಕೆ ಹಾಕುತ್ತವೆ ಎಂದು ಹೋಟೆಲಿನಲ್ಲಿ ಕೂತು ಹೇಳಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅದೇ ವಾರ ಹನುಮಂತ ದೇವರ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ದುರುಗೇಶ ಫೋನು ಮಾಡಿದ, ನಾನು ರಾಯಚೂರಿನಿಂದ ಬಸ್ಸು ಹಿಡಿದು ಹೋದೆ.

ನನಗೆ ಗೊತ್ತಿದ್ದುದನ್ನು ನಾನು ಅಲ್ಲಿ ಹೇಳಿದೆ. ಹೊಳೆಯ ಆಚೆಯಿಂದ ನಮ್ಮ ಮಿಲ್ಲಿಗೆ ಬರುವ ಲಾರಿಗಳಲ್ಲಿ ಈ ಕೆಂಪು ಕಾಳು ಮಾನ್ವಿಗಿಂತ ಮೊದಲೇ ಬಂದಿತ್ತು, ಅಲ್ಲಿಗೆ ನಮ್ಮತ್ತೆಯ ಕುರಿ ಯಾವತ್ತೂ ಹೋಗಿಲ್ಲ ಅಂದೆ. ಮಿಲ್ಲಿನಲ್ಲಿ ಚೀಟಿ ಬರೆಯುವ ಹೆಣ್ಣುಮಗಳು ಒಕ್ಕಲುತನ ಕಲಿಸಲು ಬಂದಿದ್ದಾಳೆ ಎಂದು ಯಾರೋ ಅಂದರು, ಉಳಿದವರು ನಕ್ಕರು. ನಗದೆ ಕೂತಿದ್ದವರು ಹನುಮಂತರಾಯರು ಒಬ್ಬರೇ. ಆದರೆ ಅವರು ಬಾಯಿಯನ್ನೂ ಬಿಡಲಿಲ್ಲ.

ಆಗ ರಾಮಣ್ಣ, ಮಾತು ಬೇಡ, ಭಂಡಾರ ಮುಟ್ಟಿಸಿ ಅಂದ. ಕುರುಬರಿಗೆ ಭಂಡಾರ ಅಂದರೆ ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೀರಪ್ಪನ ಅರಿಶಿನ ಅದು. ಅದನ್ನು ಮುಟ್ಟಿ ಸುಳ್ಳು ಹೇಳಿದವರ ಹಿಂಡು ಉಳಿಯುವುದಿಲ್ಲ ಎಂದು ನಾವು ಹಾಲು ಕುಡಿಯುವಾಗಿನಿಂದ ಕೇಳಿದವರು. ತಟ್ಟೆಯಲ್ಲಿ ಭಂಡಾರ ತಂದಿಟ್ಟರು. ಮೊದಲು ರಾಮಣ್ಣನೇ ಮುಟ್ಟಿದ. ನನ್ನ ಮಷೀನು ಒಂದು ಕಾಳು ಕಳೆಯನ್ನೂ ತಂದಿಲ್ಲ ಎಂದು ಗಟ್ಟಿಯಾಗಿ ಹೇಳಿ, ಪಕ್ಕದ ನಳದಲ್ಲಿ ಕೈ ತೊಳೆದುಕೊಂಡು ಬಂದ. ಅವನಿಗೆ ಅದು ಸಾರಿಗೆ ಹಾಕುವ ಪುಡಿ.

ತಟ್ಟೆ ಅತ್ತೆಯ ಮುಂದೆ ಬಂತು. ದುರುಗೇಶ ತಾನು ಮುಟ್ಟುತ್ತೇನೆ ಎಂದು ಎದ್ದ. ಅತ್ತೆ ಅವನ ಎದೆಗೆ ಕೋಲು ಅಡ್ಡ ಹಿಡಿದು ಕೂಡಿಸಿದಳು. ಅವಳು ತಟ್ಟೆಯನ್ನು ನೋಡುತ್ತ ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮುಟ್ಟಬಾರದೇನು ಮುದುಕಿ, ಮುಟ್ಟಿ ಎದ್ದು ಬಾ ಎಂದು ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

"ಕುರಿ ತಿಂದ ಕಾಳು ಹಿಕ್ಕ್ಯಾಗ ಮೊಳಿಯಂಗಿಲ್ಲ, ಕೆಂಗುರಿ ಮೈಯಾಗ ಏನೂ ಹತ್ತಂಗಿಲ್ಲ, ಅವಕ್ಕ ಬೇಕಾರ ಈಗ ಮುಟ್ಟತೀನಿ," ಅಂದಳು ಅತ್ತೆ. "ಆದ್ರ ಈ ಕರೀವು ಅದಾವಲ್ಲ, ಇವುಗಳ ಉಣ್ಣ್ಯಾಗ ಏನ್ ಸಿಕ್ಕೊಂಡು ಬಂದದ, ಏನ್ ಉದುರ್‍ಯಾದ, ನಾ ಹ್ಯಾಂಗ ಹೇಳ್ಲಿ? ಗೊತ್ತಿಲ್ಲದ್ದಕ್ಕ ನಾ ಭಂಡಾರ ಮುಟ್ಟಂಗಿಲ್ಲ."

ಅಷ್ಟೇ ಸಾಕಾಯಿತು. ಒಪ್ಪಿಕೊಂಡಳು, ತಾನೇ ಬಾಯಿ ಬಿಟ್ಟಳು ಎಂದು ಕಟ್ಟೆಯ ತುಂಬ ಗದ್ದಲವೆದ್ದಿತು. ಗೊತ್ತಿಲ್ಲ ಅಂದರೆ ಒಪ್ಪಿಕೊಂಡ ಹಾಗೆ ಹೇಗಾಗುತ್ತದೆ ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು, ಮೇಕೆ ಒರೆಸಿಕೊಳ್ಳುವ ಬದಲು, ಇರಬಹುದೇನೋ ತಡಿ ನೋಡ್ತೀನಿ ಅಂದಿತ್ತು. ಇನ್ನು ಮುಂದೆ ಆ ಊರ ಗದ್ದೆಗೆ, ಸುತ್ತಲಿನ ಹಳ್ಳಿಗಳ ಗದ್ದೆಗೆ ಮಾರೆಮ್ಮನ ಕುರಿ ಕಾಲಿಡಕೂಡದು ಎಂದು ತೀರ್ಮಾನವಾಯಿತು. ಹನುಮಂತರಾಯರು ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು.

ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಅತ್ತೆಗೆ ಬೈದೆ. ಅರಿಶಿನ ಪುಡಿಗೆ ಹೆದರಿ ಹೊಟ್ಟೆಗೆ ಕಲ್ಲು ಹಾಕಿಕೊಂಡೆ ಅಂದೆ. ಅವಳು ಒಂದು ಕರಿ ಕುರಿಯ ಉಣ್ಣೆಯಲ್ಲಿ ಬೆರಳಾಡಿಸಿ ಸಿಕ್ಕಿಕೊಂಡ ಮುಳ್ಳು ಕಾಯಿಗಳನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನೆಲ್ಲು ಒಂದೂ ಇರಲಿಲ್ಲ. ಆದರೆ ಇರಲೇ ಇಲ್ಲ ಎಂದು ಹೇಳುವ ಹಾಗೂ ಇರಲಿಲ್ಲ, ಅದು ಅವಳ ವಾದ. ನಾನು ಕಾಯಿಗಳನ್ನು ರಸ್ತೆಗೆ ಎಸೆದೆ.

ಆ ಬೇಸಿಗೆ ಗುಡ್ಡದಲ್ಲಿ ಹುಲ್ಲಿರಲಿಲ್ಲ. ಬೇರೆ ದಿಕ್ಕಿಗೆ ಹೋಗಿ ಕೇಳಿದರು, ಅಲ್ಲಿಗೂ ಹೆಸರು ಮುಟ್ಟಿತ್ತು. ಕಳೆ ತರುವ ಹಿಂಡು ಇದು ಎಂದು ಬದುವಿನಲ್ಲೇ ತಡೆದರು. ಬೇಸಿಗೆ ಮುಗಿಯುವ ಮೊದಲೇ ದೇವದುರ್ಗದ ಸಂತೆಯಲ್ಲಿ ಕೆಂಗುರಿಗಳೆಲ್ಲ ಹೋದವು. ಮೊದಲು ಟಗರು, ಆಮೇಲೆ ಮರಿ, ಕೊನೆಗೆ ಅವಳೇ ಹೆಸರಿಟ್ಟಿದ್ದ ಹಳೆಯ ಕುರಿಗಳು. ಕರಿ ಕುರಿಗಳನ್ನು ಮಾತ್ರ ದೇವರ ಕಂಬಳಿಗೆಂದು ಇಟ್ಟುಕೊಂಡಳು. ಸಂತೆಯಿಂದ ಬಂದ ದಿನ ಅತ್ತೆ ಯಾರಿಗೂ ಬೈಯಲಿಲ್ಲ, ಅದನ್ನು ನೋಡಿ ನನಗೆ ಭಯವಾಯಿತು.

ದುರುಗೇಶ ಕೆಲಸಕ್ಕೆ ಸೇರಿದ್ದು ಎಲ್ಲಿ ಗೊತ್ತೇ? ರಾಮಣ್ಣ ತರಿಸುತ್ತಿದ್ದ ಅದೇ ಮಷೀನಿನ ಮೇಲೆ. ಹಿಂಡು ಹೋದ ಮೇಲೆ ಹೊಟ್ಟೆ ಕೇಳಬೇಕಲ್ಲ. ಹೊಳೆಯ ಆಚೆ ಒಂದು ಗದ್ದೆ ಮುಗಿಸಿ ಲಾರಿ ಹತ್ತಿಸುವ ಮುಂಚೆ ಅವನು ಮಷೀನಿನ ಹೊಟ್ಟೆಯ ಬಾಗಿಲು ತೆಗೆದು ನೋಡಿದ್ದಾನೆ. ಮೂಲೆಮೂಲೆಯಲ್ಲಿ ಮೀಸೆಯ ಕರಿ ಕಾಳು ಕೂತಿದೆ. ತೊಳೆಯೋಣವೇ ಎಂದು ಕೇಳಿದರೆ, ಹೊಲಕ್ಕೊಮ್ಮೆ ತೊಳೆಯುತ್ತ ಕೂತರೆ ಸುಗ್ಗಿಯೇ ಮುಗಿಯುತ್ತದೆ, ಮುಚ್ಚು ಅಂದನಂತೆ ಮಷೀನು ನಡೆಸುವವನು. ದುರುಗೇಶ ಒಂದು ಹಿಡಿ ಕಾಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಿಲ್ಲಿಗೆ ಬಂದ. ಅದನ್ನು ನನ್ನ ಮೇಜಿನ ಮೇಲೆ ಸುರಿದ.

ಅದೇ ಕಾಲಕ್ಕೆ ಸಂಘಮಿತ್ರಾ ಎಂಬ ಸಂಶೋಧಕಿ ಕೆಂಪು ಕಾಳಿನ ಮಾದರಿ ಕೇಳಿಕೊಂಡು ನಮ್ಮ ಮಿಲ್ಲಿಗೆ ಬಂದಿದ್ದರು. ಯಾವ ಊರಿನ ಕಳೆ ಯಾವ ಊರಿಂದ ಹೋದದ್ದು, ಯಾವುದಕ್ಕೆ ಯಾವುದು ನೆಂಟು ಎಂದು ನೋಡುವುದು ಅವರ ಓದು. ಅವರನ್ನು ನಾನೇ ಮಾನ್ವಿಗೆ ಕಳಿಸಿದೆ, ದೇವದುರ್ಗಕ್ಕೂ ಕಳಿಸಿದೆ. ಕೆರೆಯ ಕೆಸರಿನಲ್ಲಿ ಅತ್ತೆ ಮುಂದೆ, ಅವರು ಹಿಂದೆ. ಕಾಡುನೆಲ್ಲಿನ ಎಲೆ ಕಿತ್ತು ಪೊಟ್ಟಣ ಕಟ್ಟಿಕೊಂಡರು. ನಿಮ್ಮ ಕಾಲು ಗಟ್ಟಿ ಇವೆ ಎಂದು ಅತ್ತೆ ಅವರಿಗೆ ಸರ್ಟಿಫಿಕೇಟು ಕೊಟ್ಟಳಂತೆ.

ಎಷ್ಟೋ ತಿಂಗಳಾದ ಮೇಲೆ ಅವರ ಫೋನು ಬಂತು. ನಮ್ಮಲ್ಲಿ ಮನೆತನಕ್ಕೊಂದು ಬೆಡಗು, ಅಂದರೆ ಕುಲದ ಗುರುತು, ಇದ್ದ ಹಾಗೆ ಗಿಡಕ್ಕೂ ಬೆಡಗು ಇರುತ್ತದಂತೆ, ಎಲೆಯೊಳಗೆ. ದೇವದುರ್ಗದ ಒಂದೊಂದು ಕೆರೆಯ ಕಾಡುನೆಲ್ಲಿಗೆ ಒಂದೊಂದು ಬೆಡಗು. ಒಂದು ಕೆರೆಯದು ಪಕ್ಕದ ಕೆರೆಗೂ ಸೇರುವುದಿಲ್ಲ. ಮಾನ್ವಿಯ ಕಳೆಯಲ್ಲಿ ಈ ಯಾವ ಕೆರೆಯ ರಕ್ತವೂ ಇಲ್ಲ. ಅದು ಎಂದೋ ಬಿತ್ತಿ ಬೆಳೆದ ನೆಲ್ಲೇ ದಾರಿ ತಪ್ಪಿ ಕಾಡಾದದ್ದು, ಊರೂರಿಗೂ ಹೆಚ್ಚುಕಡಿಮೆ ಒಂದೇ ಬೆಡಗು, ಹೊಳೆಯ ಆಚೆಯದೂ ಅದೇ. ಇಷ್ಟು ಹೇಳಿ ಅವರು ನಮ್ಮ ಕೆರೆಗಳನ್ನು ಹೊಗಳಿದರು. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ಬಗೆ ತಾವು ಕಂಡೇ ಇಲ್ಲವಂತೆ, ಅವರಿಗೆ ಖುಷಿಯೋ ಖುಷಿ.

ಹಾಗಾದರೆ ಮಾನ್ವಿಗೆ ಬಂದು ಕುರಿ ತಂದದ್ದಲ್ಲ, ಮಷೀನು ತಂದದ್ದು ಎಂದು ಜನರ ಮುಂದೆ ಹೇಳಿ ಅಂದೆ. ದೇವದುರ್ಗದ್ದಲ್ಲ ಎಂದು ಬೇಕಾದರೆ ಎಲ್ಲಿಯಾದರೂ ಹೇಳುತ್ತೇನೆ, ಹೊತ್ತು ತಂದದ್ದು ಯಾವುದು ಎಂದು ನಾನು ನೋಡಿಲ್ಲ, ನೋಡದ್ದನ್ನು ಹೇಗೆ ಹೇಳಲಿ ಅಂದರು. ಗೊತ್ತಿದ್ದಷ್ಟನ್ನೇ ಹೇಳುವವರು ನನಗೆ ಈ ಜನ್ಮದಲ್ಲಿ ಸಿಕ್ಕಿದ್ದು ಇಬ್ಬರು. ಆ ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು.

ಕರವಸ್ತ್ರದ ಕಾಳು ಕಟ್ಟಿಕೊಂಡು ನಾನೇ ಹನುಮಂತರಾಯರ ಮನೆಗೆ ಹೋದೆ. ಮಷೀನಿನ ಮಾತು, ಬೆಡಗಿನ ಮಾತು ಎರಡನ್ನೂ ಹೇಳಿದೆ. ಅವರು ವಾದ ಮಾಡಿದ್ದರೆ ನಾನು ಕಿತ್ತಾಡಿ ಬರುತ್ತಿದ್ದೆ. ಅವರು ವಾದ ಮಾಡಲಿಲ್ಲ. ಚಹ ತರಿಸಿದರು, ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅವತ್ತ ಗೊತ್ತಿತ್ತು ನೇತ್ರವ್ವ, ನನಗ," ಅಂದರು ಹನುಮಂತರಾಯರು. "ಆದ್ರ ಮಷೀನು ಬಿಟ್ರ ಕೊಯ್ಯಾಕ ಆಳು ಎಲ್ಲಿಂದ ತರೂದು? ರಾಮಣ್ಣನ್ನ ಎದುರು ಹಾಕ್ಕೊಂಡ್ರ ಸುಗ್ಗಿ ನಿಂತು ಹೋಗ್ತದ. ಕುರಿ ಇಲ್ಲಂದ್ರ ಗೊಬ್ಬರ ಅಂಗಡ್ಯಾಗ ಸಿಗ್ತದ."

ಇದು ಅವರ ತಕ್ಕಡಿ. ಸತ್ಯ ಯಾವುದು ಎಂದು ಅಲ್ಲ, ಯಾರನ್ನು ಕಳೆದುಕೊಂಡರೆ ನಡೆಯುತ್ತದೆ ಎಂದು ತೂಗಿದ್ದರು. ನಾನು ದಿನವಿಡೀ ತೂಕ ಬರೆಯುವವಳು, ಇಂಥ ಹೊಲಸು ತೂಕ ಎಲ್ಲಿಯೂ ಕಂಡಿಲ್ಲ. ಚಹ ಮುಟ್ಟದೆ ಎದ್ದು ಬಂದೆ.

ಕುರಿ ಬರುವುದು ನಿಂತರೂ ಕಳೆ ಬರುವುದು ನಿಲ್ಲಲಿಲ್ಲ. ನಿಲ್ಲುವುದಿರಲಿ, ಹಬ್ಬಿತು. ಹಿಂಡು ಬರುತ್ತಿದ್ದಾಗ ಉದುರಿ ಬಿದ್ದ ಕಾಳನ್ನು ಕುರಿಗಳು ನೆಲ ನೆಕ್ಕಿ ತಿನ್ನುತ್ತಿದ್ದವು, ಅಕಾಲದ ಮಳೆಗೆ ಮೊಳೆತ ಸಸಿಯನ್ನು ಬುಡಸಮೇತ ಮೇಯುತ್ತಿದ್ದವು. ಈಗ ತಿನ್ನುವವರಿಲ್ಲ. ಗದ್ದೆಗಳಲ್ಲಿ ಬಿತ್ತಿದ್ದಕ್ಕಿಂತ ಬಿತ್ತದ್ದೇ ಹೆಚ್ಚು ನಿಂತಿತು. ಆ ವರ್ಷವೇ ಯಾವನೋ ಅದಕ್ಕೆ ಮಾರೆಮ್ಮನ ನೆಲ್ಲು ಎಂದು ಹೆಸರಿಟ್ಟದ್ದು. ಅವಳು ಕಾಲಿಡದ ವರ್ಷ ನೋಡಿ ಇಟ್ಟರು. ಕಳೆ ಹೋಗಬೇಕಾದರೆ ಬಿತ್ತುವ ಮೊದಲು ಕುರಿ ಮೇಯಿಸಿ ಎಂದು ತಿಳಿದವರು ಯಾರೋ ಹೇಳಿದರಂತೆ. ಕೆಟ್ಟ ಮೇಲೆ ಬುದ್ಧಿ ಬಂತು.

ಹೋದ ವರ್ಷ ಸುಗ್ಗಿ ಮುಗಿಯುತ್ತಲೇ ಹನುಮಂತರಾಯರೂ ಇನ್ನಿಬ್ಬರು ಹಿರಿಯರೂ ಜೀಪು ಮಾಡಿಕೊಂಡು ನಮ್ಮೂರಿಗೆ ಬಂದರು. ನಾನು ಆ ದಿನ ಊರಲ್ಲೇ ಇದ್ದೆ. ಅತ್ತೆ ಬೇವಿನ ಕೆಳಗೆ ಕರಿ ಉಣ್ಣೆ ಹಿಂಜುತ್ತಿದ್ದಳು. ಅವರು ಚಾಪೆಯ ಮೇಲೆ ಕೂತರು. ಆದದ್ದು ಆಗಿಹೋಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಈ ವರ್ಷ ಹಿಂಡು ತರಬೇಕು, ಮೊದಲಿಗಿಂತ ಹೆಚ್ಚು ಕಾಳು ಕೊಡುತ್ತೇವೆ ಎಂದು ಸರದಿಯ ಮೇಲೆ ಹೇಳಿದರು. ಅವರಲ್ಲೊಬ್ಬ, ಮಾರೆಮ್ಮನ ನೆಲ್ಲು ಬಹಳ ಆಗಿದೆ ಎಂದು ಅವಳ ಮುಖದೆದುರಿಗೇ ಅಂದ. ತಾನು ಏನು ಅಂದೆ ಎಂದು ಅವನಿಗೆ ತಿಳಿಯಲೂ ಇಲ್ಲ.

ಅತ್ತೆ ಎದ್ದು ಒಳಗೆ ಹೋಗಿ ಭಂಡಾರದ ತಟ್ಟೆ ತಂದಳು. ಅವರ ಮುಂದೆ ಇಟ್ಟಳು. ಕುರಿ ಕಳೆ ತಂದಿಲ್ಲ ಎಂದು ಮುಟ್ಟಿ ಹೇಳಬೇಕು ಎಂದು ಹನುಮಂತರಾಯರೇ ಅರ್ಥ ಮಾಡಿಕೊಂಡರು. ಅದಕ್ಕೇನಂತೆ ಎಂದು ಒಂದು ಕ್ಷಣವೂ ತಡೆಯದೆ ಕೈ ಚಾಚಿದರು. ಅವರ ಬೆರಳು ಇನ್ನೇನು ತಾಗಬೇಕು, ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಬಿಡ್ರಿ," ಅಂದಳು. "ನೀವು ಯಾತಕ್ಕ ಬೇಕಾರ ಮುಟ್ಟತೀರಿ. ಕೆಂಗುರಿ ಸಂತ್ಯಾಗ ಹೋದವು, ನೀವ ಕಳಿಸಿದ್ರಿ. ಉಳದಾವ ನೋಡ್ರಿ ಅಲ್ಲಿ, ಕರೀವು. ಇವುಗಳ ಮೈಯಾಗ ಏನ್ ಅದನೋ ನಂಗ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಬೇಕಂದ್ರ ಹೊಡಕೊಂಡು ಹೋಗ್ರಿ."

ಗೋಡೆಯ ನೆರಳಿನಲ್ಲಿ ನಾಲ್ಕಾರು ಕರಿ ಕುರಿಗಳು ನಿಂತಿದ್ದವು. ಇಡೀ ಮಾನ್ವಿಯ ಕಳೆಯನ್ನು ಮೇಯಲು ಅಷ್ಟೇ ಉಳಿದಿದ್ದವು. ಬಂದವರು ಅವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಧೂಳು ಝಾಡಿಸಿ ಎದ್ದರು. ಅತ್ತೆ ಮತ್ತೆ ಉಣ್ಣೆ ಹಿಂಜಲು ಕೂತಳು. ಜೀಪಿನ ಸದ್ದು ನಿಂತ ಮೇಲೆ, ಹನುಮಂತರಾಯನ ಕಾಲು ಮೊದಲಿನ ಹಾಗೆ ಇಲ್ಲ, ಸೊರಗಿದ್ದಾನೆ ಎಂದು ನನಗೆ ಹೇಳಿದಳು. ಅವನ ಕಾಲು ಕಟ್ಟಿಕೊಂಡು ನಿನಗೇನಾಗಬೇಕು ಎಂದು ನಾನು ಹರಿಹಾಯ್ದೆ.

ಮೊನ್ನೆ ಮಾನ್ವಿಯಿಂದ ಒಂದು ಲಾರಿ ತೂಕಕ್ಕೆ ಬಂತು. ಡ್ರೈವರು ಮೀಸೆ ಮೂಡದ ಹೊಸ ಹುಡುಗ. ಮಾಲಿನಲ್ಲಿ ಮಾರೆಮ್ಮನ ನೆಲ್ಲು ಸ್ವಲ್ಪ ಇದೆ, ಸಾಹುಕಾರರಿಗೆ ಹೇಳಿ ಹಿಂದಕ್ಕೆ ಕಳಿಸಬೇಡಿ ಎಂದು ಕಿಟಕಿಯ ಹತ್ತಿರ ಬಂದು ಗೋಗರೆದ. ನಾನು ಬರೆಯುವುದು ನಿಲ್ಲಿಸಿ, ಮಾರೆಮ್ಮ ಅಂದರೆ ಯಾರು ಗೊತ್ತೇನು ಎಂದು ಕೇಳಿದೆ. ಇವಳಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ ನನ್ನನ್ನು ನೋಡಿದ.

"ಯಾರೂ ಅಲ್ರೀ ಅಕ್ಕ," ಅಂದ. "ಅದು ಕಸದ ಹೆಸರು."